ವೋಲ್ಟೇಜ್, ಕರೆಂಟ್ ಎರಡೂ ಅಳೆದರೂ ಲೆಕ್ಕ ತಾಳೆಯಾಗುತ್ತಿಲ್ಲವೇ? ದೋಷ ಹುಡುಕುವ ಕೈಪಿಡಿ

ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಿದಿರಿ. ಕರೆಂಟ್ ನೋಡಿದಿರಿ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ (ರೆಸಿಸ್ಟೆನ್ಸ್), ಎರಡನ್ನೂ ಗುಣಿಸಿದರೆ ಪವರ್. ಇಷ್ಟೇ ಅಲ್ವಾ? ಆದರೆ ಬಂದ ಉತ್ತರ ಲೇಬಲ್ ಮೇಲಿನ ವ್ಯಾಟಿಗೆ ಹೊಂದುವುದಿಲ್ಲ. ಉಪಕರಣ ಬಿಚ್ಚಿ ರೋಧ ತೋರಿಸುವ ಓಮ್ ರೇಂಜಿನಲ್ಲಿ ಅಳೆದರೆ ಅಲ್ಲಿ ಮೂರನೆಯದೇ ಒಂದು ಸಂಖ್ಯೆ. ಯಾವುದನ್ನು ನಂಬುವುದು?

ಇಂಥ ಹೊತ್ತಲ್ಲಿ ಸೂತ್ರವನ್ನು ಅನುಮಾನಿಸಿ ಪ್ರಯೋಜನವಿಲ್ಲ. ಕೆಟ್ಟಿರುವುದು ಸಾಮಾನ್ಯವಾಗಿ ಅದರೊಳಗೆ ಹಾಕಿದ ಸಂಖ್ಯೆಗಳ ಜೋಡಿ. ವೋಲ್ಟೇಜ್ ಒಂದು ಕಡೆಯದು, ಕರೆಂಟ್ ಇನ್ನೊಂದು ಕಡೆಯದು. ಇಲ್ಲವೇ ಎರಡೂ ಒಂದೇ ಕಡೆಯವು, ಆದರೆ ಬೇರೆ ಬೇರೆ ಹೊತ್ತಿನವು. ಯಾವ ವಸ್ತುವಿನ ರೋಧ ಬೇಕೋ ಅದರ ಎರಡು ತುದಿಗಳ ನಡುವಿನ ವೋಲ್ಟೇಜ್, ಅದೇ ವಸ್ತುವಿನಲ್ಲಿ ಅದೇ ಕ್ಷಣ ಹರಿಯುತ್ತಿರುವ ಕರೆಂಟ್. ಈ ಜೋಡಿ ಸಿಕ್ಕರೆ ಮಾತ್ರ ಉತ್ತರಕ್ಕೆ ಅರ್ಥ. ಈ ಜೋಡಿ ಎಲ್ಲೆಲ್ಲಿ ಕೆಡುತ್ತದೆ ಅಂತ ಗೊತ್ತಿದ್ದರೆ, ಕೆಟ್ಟ ಲೆಕ್ಕವೇ ದೋಷದ ಜಾಗ ತೋರಿಸಿಕೊಡುತ್ತದೆ.

ಯೂನಿಟ್ ಮೊದಲು

ರೋಧ = ವೋಲ್ಟೇಜ್ ÷ ಕರೆಂಟ್
ಪವರ್ = ವೋಲ್ಟೇಜ್ × ಕರೆಂಟ್
ಪವರ್ = ಕರೆಂಟ್ × ಕರೆಂಟ್ × ರೋಧ
ಪವರ್ = ವೋಲ್ಟೇಜ್ × ವೋಲ್ಟೇಜ್ ÷ ರೋಧ

ಉತ್ತರ ಸಾವಿರ ಪಟ್ಟು ಹೆಚ್ಚು ಅಥವಾ ಸಾವಿರ ಪಟ್ಟು ಕಡಿಮೆ ಬಂದಿದ್ದರೆ ಉಪಕರಣವನ್ನು ಮುಟ್ಟಲೇಬೇಡಿ. ಮಿಲಿಆಂಪನ್ನು ಆಂಪ್ ಅಂತ ಓದಿದ್ದೀರಿ. 12 ವೋಲ್ಟ್, 20 ಮಿಲಿಆಂಪ್ ಇದ್ದರೆ ರೋಧ 600 ಓಮ್. 12ನ್ನು 20ರಿಂದ ಭಾಗಿಸಿ ಬಂದ 0.6 ಎನ್ನುವುದು ಕಿಲೋಓಮ್ ಲೆಕ್ಕ. ಹಾಗೆಯೇ 12 × 20 ಅಂದರೆ 240 ಮಿಲಿವ್ಯಾಟ್, 240 ವ್ಯಾಟ್ ಅಲ್ಲ. ಆಟೋ ರೇಂಜ್ ಮೀಟರುಗಳು ಇದನ್ನು ಇನ್ನಷ್ಟು ಸುಲಭದ ತಪ್ಪು ಮಾಡಿಬಿಟ್ಟಿವೆ. ಅಂಕಿ ದೊಡ್ಡದಾಗಿ ಕಾಣುತ್ತದೆ, ಪಕ್ಕದ ಮಿಲಿ, ಕಿಲೋ ಗುರುತು ಮೂಲೆಯಲ್ಲಿ ಸಣ್ಣಗೆ ಕೂತಿರುತ್ತದೆ.

ಮೀಟರನ್ನೇ ಮೊದಲು ವಿಚಾರಿಸಿ

ಕರೆಂಟ್ ಸೊನ್ನೆ ತೋರಿಸುತ್ತಿದೆ, ಸರ್ಕ್ಯೂಟ್ ಕೂಡ ಸತ್ತಿದೆ, ಮೀಟರ್ ತೆಗೆದು ವೈರ್ ಸೇರಿಸಿದರೆ ಎಲ್ಲ ಸರಿಯಾಗಿ ಓಡುತ್ತದೆ. ಹಾಗಿದ್ದರೆ ಮೀಟರ್ ಒಳಗಿನ ಫ್ಯೂಸ್ ಹೋಗಿದೆ. ಇದು ತುಂಬ ಸಾಮಾನ್ಯ. ಕೆಂಪು ಪ್ರೋಬನ್ನು ಆಂಪ್ ತೂತಿನಲ್ಲೇ ಬಿಟ್ಟು ಯಾರೋ ವೋಲ್ಟೇಜ್ ಅಳೆಯಲು ಹೋಗಿರುತ್ತಾರೆ. ಆ ತೂತಿನ ಹಿಂದೆ ರೋಧ ಅನ್ನುವುದು ಹೆಸರಿಗೆ ಮಾತ್ರ, ಹಾಗಾಗಿ ಅದು ನೇರ ಶಾರ್ಟ್ ಸರ್ಕ್ಯೂಟ್. ಬ್ಯಾಟರಿಯ ಮೇಲೆ ಹೀಗಾದರೆ ಫ್ಯೂಸ್ ಹೋಗುತ್ತದೆ, 230 ವೋಲ್ಟ್ ಲೈನಿನ ಮೇಲೆ ಆದರೆ ಕೈ ಸುಡಬಹುದು. ಆದ್ದರಿಂದ ಕರೆಂಟ್ ಅಳೆದ ತಕ್ಷಣ ಪ್ರೋಬನ್ನು ವೋಲ್ಟ್ ತೂತಿಗೆ ವಾಪಸ್ ಹಾಕುವ ಅಭ್ಯಾಸ ಬೇಕೇ ಬೇಕು. ಮನೆ ಲೈನಿನ ಕರೆಂಟ್ ಅಳೆಯಬೇಕಾದರೆ ವೈರ್ ಕತ್ತರಿಸಿ ಮಲ್ಟಿಮೀಟರ್ ಸೇರಿಸುವ ಸಾಹಸ ಬೇಡ, ವೈರಿನ ಸುತ್ತ ದವಡೆಯಂತೆ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರ್ ಬಳಸಿ. ಲೈವ್ ಲೈನಿನ ಕೆಲಸ ಗೊತ್ತಿಲ್ಲದವರು ಅದನ್ನು ಗೊತ್ತಿರುವವರಿಗೇ ಬಿಡುವುದು ಒಳ್ಳೆಯದು.

ಕ್ಲ್ಯಾಂಪ್ ಮೀಟರಿಗೂ ಅದರದ್ದೇ ಆದ ಚೇಷ್ಟೆಗಳಿವೆ. ಲೈವ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ದವಡೆಯೊಳಗೆ ಹಿಡಿದರೆ ಅದು ಸೊನ್ನೆ ತೋರಿಸುತ್ತದೆ. ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೇ ವೈರ್ ಹಿಡಿಯಬೇಕು. ಎಸಿಗೆ (ಮನೆ ಲೈನಿನ ಕರೆಂಟಿಗೆ) ಮಾತ್ರ ಮಾಡಿದ ಕ್ಲ್ಯಾಂಪ್ ಡಿಸಿ (ಬ್ಯಾಟರಿಯ) ಕರೆಂಟನ್ನು ಅಳೆಯುವುದೇ ಇಲ್ಲ, ಅದಕ್ಕೆ ಹಾಲ್ ಸೆನ್ಸರ್ (ಕಾಂತಕ್ಷೇತ್ರ ಅಳೆಯುವ ಬಿಡಿಭಾಗ) ಇರುವ ಕ್ಲ್ಯಾಂಪ್ ಬೇಕು. ಕರೆಂಟ್ ತೀರ ಕಡಿಮೆ ಇದ್ದರೆ ಅದೇ ವೈರನ್ನು ದವಡೆಯ ಸುತ್ತ ಹತ್ತು ಸುತ್ತು ಸುತ್ತಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿ.

ಓಮ್ ರೇಂಜಿನ ವಿಷಯಕ್ಕೆ ಬಂದರೆ, ಎರಡು ಪ್ರೋಬ್ ತುದಿ ಒಂದಕ್ಕೊಂದು ಮುಟ್ಟಿಸಿ ನೋಡಿ. 0.2, 0.3 ಓಮ್ ಎಂದೇನೋ ತೋರಿಸುತ್ತದೆ. ಅದು ಪ್ರೋಬ್ ವೈರಿನ ರೋಧ. 600 ಓಮ್ ಅಳೆಯುವಾಗ ಅದರ ಚಿಂತೆ ಬೇಡ. 3 ಓಮ್ ಅಳೆಯುವಾಗ ಅದನ್ನು ಕಳೆಯದಿದ್ದರೆ ಹತ್ತಿರ ಹತ್ತಿರ ಶೇ. 10ರ ತಪ್ಪು. ಇನ್ನು ಸರ್ಕ್ಯೂಟಿನಲ್ಲಿ ಕರೆಂಟ್ ಇರುವಾಗ ಓಮ್ ಅಳೆಯುವಂತೆಯೇ ಇಲ್ಲ. ಉತ್ತರವೂ ಸುಳ್ಳು, ಮೀಟರಿಗೂ ಅಪಾಯ.

ಮಂಕಾದ ದೀಪ: ಒಂದು ಪೂರ್ತಿ ತನಿಖೆ

ಈಗ ಒಂದು ದೋಷವನ್ನು ಹತ್ತಿರದಿಂದ ನೋಡೋಣ. 12 ವೋಲ್ಟ್ ಬ್ಯಾಟರಿ. 6 ಮೀಟರ್ ದೂರದಲ್ಲಿ 12 ವೋಲ್ಟ್, 50 ವ್ಯಾಟಿನ ಹ್ಯಾಲೋಜನ್ ದೀಪ. ನಡುವೆ ಒಂದು ಫ್ಯೂಸ್, ಒಂದು ಸ್ವಿಚ್, 1.5 ಚದರ ಮಿ.ಮೀ. ತಾಮ್ರದ ವೈರ್. ದೀಪ ಉರಿಯುತ್ತಿದೆ, ಆದರೆ ಮಂಕು. ದೀಪ ಬದಲಾಯಿಸಿದರೂ ಅಷ್ಟೇ.

ಲೇಬಲ್ ಪ್ರಕಾರ ಏನಿರಬೇಕು? 50 ÷ 12 ಅಂದರೆ 4.17 ಆಂಪ್. 12 ÷ 4.17 ಅಂದರೆ 2.88 ಓಮ್.

ದೀಪ ಉರಿಯುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಮೇಲೆ 12.4 ವೋಲ್ಟ್, ಕರೆಂಟ್ 3.8 ಆಂಪ್. ಇವೆರಡನ್ನು ಹಾಕಿ ಲೆಕ್ಕ ಮಾಡಿದರೆ ರೋಧ 3.26 ಓಮ್, ಪವರ್ 47 ವ್ಯಾಟ್. ಇಲ್ಲಿಗೇ ನಿಲ್ಲಿಸಿದವರು ಹೇಳುವುದು ಹೀಗೆ: ‘ಪವರ್ 47 ಇದೆ, 50ಕ್ಕೆ ಹತ್ತಿರ, ಎಲ್ಲ ಸರಿ ಇದೆ, ದೀಪವೇ ಕಳಪೆ.’ ಆದರೆ ಆ 47 ವ್ಯಾಟ್ ದೀಪದ್ದಲ್ಲ. ಬ್ಯಾಟರಿಯಿಂದ ಹೊರಟ ಒಟ್ಟು ಪವರ್ ಅದು. ಎಲ್ಲಿ ಹೋಗಿ ಸೇರಿತು ಅಂತ ಆ ಸಂಖ್ಯೆ ಹೇಳುವುದಿಲ್ಲ.

ಮೀಟರನ್ನು ದೀಪದ ಎರಡು ಕಾಲುಗಳ ಮೇಲೇ ಇಡಿ. 10.1 ವೋಲ್ಟ್. ಕರೆಂಟ್ ಅದೇ 3.8, ಯಾಕೆಂದರೆ ಒಂದೇ ಸಾಲಿನಲ್ಲಿರುವ ಎಲ್ಲದರೊಳಗೂ ಹರಿಯುವುದು ಅದೇ ಕರೆಂಟ್. ಈಗ ದೀಪದ ರೋಧ 2.66 ಓಮ್, ದೀಪಕ್ಕೆ ಸಿಗುತ್ತಿರುವ ಪವರ್ 38.4 ವ್ಯಾಟ್. ಬೆಳಕು ಪವರಿಗಿಂತ ವೇಗವಾಗಿ ಇಳಿಯುತ್ತದೆ, ಹಾಗಾಗಿ ಕಣ್ಣಿಗೆ ಮಂಕು ಇನ್ನೂ ಜಾಸ್ತಿ ಕಾಣುತ್ತದೆ. ರೋಧ 2.88 ಇರಬೇಕಾದದ್ದು 2.66ಕ್ಕೆ ಇಳಿದಿದೆಯಲ್ಲ, ಅದು ದೋಷವಲ್ಲ. ವೋಲ್ಟೇಜ್ ಕಡಿಮೆಯಾದರೆ ತಂತು ಅಷ್ಟು ಬಿಸಿಯಾಗುವುದಿಲ್ಲ, ಬಿಸಿ ಕಡಿಮೆಯಾದರೆ ಟಂಗ್‌ಸ್ಟನ್‌ನ ರೋಧವೂ ಕಡಿಮೆ. ಅಂದರೆ ದೀಪ ಚೆನ್ನಾಗಿಯೇ ಇದೆ. ಅದನ್ನು ಬದಲಾಯಿಸಿದ್ದು ಸುಮ್ನೆ.

ಕಾಣೆಯಾದದ್ದು 12.4 − 10.1 = 2.3 ವೋಲ್ಟ್. 3.8ರಿಂದ ಭಾಗಿಸಿದರೆ 0.6 ಓಮ್. ಈ 0.6 ಓಮ್ ದಾರಿಯಲ್ಲಿ ಎಲ್ಲೋ ಕೂತು 8.7 ವ್ಯಾಟ್ ತಿನ್ನುತ್ತಿದೆ.

ವೈರಿನ ಪಾಲು ಎಷ್ಟು ಅಂತ ಅಳೆಯದೆಯೂ ಹೇಳಬಹುದು. 1.5 ಚದರ ಮಿ.ಮೀ. ತಾಮ್ರಕ್ಕೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಿಲೋಮೀಟರಿಗೆ ಸುಮಾರು 12.1 ಓಮ್. ಹೋಗಲು 6 ಮೀಟರ್, ಬರಲು 6 ಮೀಟರ್, ಒಟ್ಟು 12 ಮೀಟರ್. ಬರುವ ದಾರಿಯನ್ನು ಮರೆಯುವವರು ಬಹಳ. 12 ಮೀಟರಿಗೆ 0.145 ಓಮ್, 3.8 ಆಂಪಿಗೆ 0.55 ವೋಲ್ಟ್. ಇನ್ನೂ 1.75 ವೋಲ್ಟಿಗೆ ಲೆಕ್ಕ ಸಿಗಬೇಕು.

ಇಲ್ಲಿಂದ ಮುಂದೆ ದೀಪ ಉರಿಯುತ್ತಲೇ ಇರಲಿ. ಮೀಟರ್ ಡಿಸಿ ವೋಲ್ಟ್ ರೇಂಜಿನಲ್ಲಿರಲಿ. ಪ್ರತಿಯೊಂದು ಜೋಡಣೆಯ ಈಚೆ ಒಂದು ಪ್ರೋಬ್, ಆಚೆ ಇನ್ನೊಂದು ಪ್ರೋಬ್. ಆರೋಗ್ಯವಂತ ಜೋಡಣೆಯ ಮೇಲೆ ಕೆಲವೇ ಮಿಲಿವೋಲ್ಟ್ ಸಿಗಬೇಕು. ಸ್ವಿಚ್ ಮೇಲೆ 0.1 ವೋಲ್ಟ್. ಪರವಾಗಿಲ್ಲ, ಹಳೆಯ ಸ್ವಿಚ್. ದೀಪದ ಹತ್ತಿರದ ಕ್ರಿಂಪ್ (ವೈರಿಗೆ ಒತ್ತಿ ಕೂರಿಸಿದ ಜೋಡಣೆ) ಮೇಲೆ 0.35 ವೋಲ್ಟ್. ಇದು ಸರಿಯಿಲ್ಲ. ಫ್ಯೂಸ್ ಹೋಲ್ಡರಿನ ಮೇಲೆ 1.3 ವೋಲ್ಟ್. ಸಿಕ್ಕಿಬಿತ್ತು. 0.55, 0.1, 0.35, 1.3 ಕೂಡಿಸಿದರೆ 2.3. ಲೆಕ್ಕ ಮುಗಿಯಿತು, ಬಾಕಿ ಏನೂ ಇಲ್ಲ. ಕೂಡಿಸಿದ ಮೊತ್ತ ತಾಳೆಯಾಗುವ ತನಕ ತನಿಖೆ ನಿಲ್ಲಿಸಬಾರದು. ಒಂದು ತಪ್ಪು ಸಿಕ್ಕ ಖುಷಿಯಲ್ಲಿ ಎರಡನೆಯದನ್ನು ಬಿಟ್ಟು ಎದ್ದುಹೋಗುವುದೇ ಹೆಚ್ಚು. ಇಲ್ಲೂ ಫ್ಯೂಸ್ ಹೋಲ್ಡರ್ ಸಿಕ್ಕಿತೆಂದು ಕ್ರಿಂಪನ್ನು ಬಿಟ್ಟಿದ್ದರೆ ಅರ್ಧ ಕೆಲಸವಾಗುತ್ತಿತ್ತು.

ಫ್ಯೂಸ್ ಹೋಲ್ಡರ್ ಒಂದರಲ್ಲೇ 1.3 × 3.8, ಸುಮಾರು 5 ವ್ಯಾಟ್ ಶಾಖವಾಗುತ್ತಿದೆ. ಅಷ್ಟು ಚಿಕ್ಕ ಪ್ಲಾಸ್ಟಿಕ್ ತುಂಡಿಗೆ 5 ವ್ಯಾಟ್ ಬಹಳ. ಬಿಚ್ಚಿ ನೋಡಿದರೆ ಒಳಗಿನ ಹಿತ್ತಾಳೆ ಕ್ಲಿಪ್ ಕಪ್ಪಾಗಿ, ಸಡಿಲವಾಗಿ, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇಂಥದ್ದನ್ನು ಉಜ್ಜಿ ಬಳಸುವುದಕ್ಕಿಂತ ಬದಲಾಯಿಸುವುದೇ ಸರಿ, ಒಮ್ಮೆ ಬಿಸಿಯಾಗಿ ಸ್ಪ್ರಿಂಗ್ ಗುಣ ಕಳೆದುಕೊಂಡ ಕ್ಲಿಪ್ ಮತ್ತೆ ಬಿಗಿ ಹಿಡಿಯುವುದಿಲ್ಲ. ಹೋಲ್ಡರ್ ಹೊಸದು ಹಾಕಿ, ಕ್ರಿಂಪ್ ಕತ್ತರಿಸಿ ಹೊಸದಾಗಿ ಒತ್ತಿದರೆ ದೀಪದ ಮೇಲೆ 11.5 ವೋಲ್ಟಿನ ಆಸುಪಾಸು ಬರುತ್ತದೆ, ಕರೆಂಟ್ 4 ಆಂಪ್ ದಾಟುತ್ತದೆ, ಪವರ್ 47 ವ್ಯಾಟಿನ ಹತ್ತಿರ. ಈ ಸಲ ಅದು ದೀಪದ್ದೇ 47.

ಅಂದಹಾಗೆ, ಲೋಡ್ (ಕರೆಂಟ್ ಎಳೆಯುವ ಉಪಕರಣ) ಹಾಕದೆ ವೋಲ್ಟೇಜ್ ಅಳೆದು ಮೋಸಹೋಗುವ ಕಥೆ ಹೊಸದೇನಲ್ಲ. ಈ ರೋಧದ ನಿಯಮವನ್ನು ಕಂಡುಹಿಡಿದ ಜರ್ಮನ್ ವಿಜ್ಞಾನಿ ಗಿಯೋರ್ಗ್ ಓಮ್ ತನ್ನ ಮೊದಲ ಪ್ರಯೋಗಗಳಿಗೆ ರಾಸಾಯನಿಕ ಬ್ಯಾಟರಿ ಬಳಸಿದ್ದ. ಕರೆಂಟ್ ಎಳೆದ ಕೂಡಲೇ ಅದರ ವೋಲ್ಟೇಜ್ ಕುಸಿಯುತ್ತಿತ್ತು, ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆಮೇಲೆ ಥರ್ಮೋಕಪಲ್ (ಎರಡು ತುದಿಗಳ ಬಿಸಿಯ ವ್ಯತ್ಯಾಸದಿಂದ ವೋಲ್ಟೇಜ್ ಕೊಡುವ ಲೋಹದ ಜೋಡಿ) ಹಿಡಿದ: ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ವೋಲ್ಟೇಜ್ ಅಲ್ಲಾಡದೆ ನಿಂತಿತು, ನಿಯಮ ಕಣ್ಣಿಗೆ ಬಿತ್ತು. 1827ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ನಿಮ್ಮ ಬ್ಯಾಟರಿ ಸುಮ್ಮನಿರುವಾಗ 12.6 ತೋರಿಸಿ, ಲೋಡ್ ಹಾಕಿದಾಗ 10ಕ್ಕೆ ಬಿದ್ದರೆ, ಆ 12.6 ಯಾವ ಲೆಕ್ಕಕ್ಕೂ ಬರುವುದಿಲ್ಲ.

ತಣ್ಣಗಿನ ಓಮ್, ಬಿಸಿ ಓಮ್

230 ವೋಲ್ಟ್, 60 ವ್ಯಾಟಿನ ಹಳೆಯ ತಂತು ಬಲ್ಬಿನ ರೋಧ ಲೆಕ್ಕದಲ್ಲಿ 230 × 230 ÷ 60, ಅಂದರೆ 882 ಓಮ್. ಬಲ್ಬ್ ತೆಗೆದು ಮೀಟರಿನಲ್ಲಿ ಅಳೆದರೆ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಬಲ್ಬ್ ಶಾರ್ಟ್ ಆಗಿದೆ ಅಂತ ಎಸೆಯಬೇಡಿ. ಉರಿಯುವಾಗ ತಂತು 2,500 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಏರುತ್ತದೆ, ರೋಧ ಹತ್ತು ಹದಿನೈದು ಪಟ್ಟು ಏರುತ್ತದೆ. ಸ್ವಿಚ್ ಹಾಕಿದ ಕ್ಷಣವೇ ಬಲ್ಬುಗಳು ಸಾಯುವುದು ಜಾಸ್ತಿ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ತಣ್ಣಗಿನ ತಂತು ಒಂದು ಕ್ಷಣ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ.

ಹೀಟರಿನ ನೈಕ್ರೋಮ್ ಹೀಗಲ್ಲ. ಕೆಂಪಗೆ ಕಾದರೂ ಅದರ ರೋಧ ಬದಲಾಗುವುದು ಕೆಲವೇ ಶೇಕಡಾ. ಆದ್ದರಿಂದ ಹೀಟರಿಗೆ ತಣ್ಣಗಿನ ಓಮ್ ಅಳತೆಯನ್ನು ಧೈರ್ಯವಾಗಿ ನಂಬಬಹುದು. ತಾಮ್ರದ ಸುರುಳಿ ನಡುವಿನದು: ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ, 50 ಡಿಗ್ರಿ ಬಿಸಿಯಾದರೆ ಶೇ. 20ರ ಹತ್ತಿರ.

ಹೀಟರ್ ಕಾಯುತ್ತಿಲ್ಲ

2,000 ವ್ಯಾಟ್, 230 ವೋಲ್ಟಿನ ಹೀಟರ್. ಇರಬೇಕಾದದ್ದು 8.7 ಆಂಪ್, 26.4 ಓಮ್. ಇಲ್ಲಿ ರೋಧದ ಲೆಕ್ಕ ತನ್ನಷ್ಟಕ್ಕೇ ದೋಷವನ್ನು ಬೇರ್ಪಡಿಸಿಕೊಡುತ್ತದೆ. ಹೀಟರಿನ ಟರ್ಮಿನಲ್ ಮೇಲಿನ ವೋಲ್ಟೇಜ್ ತೆಗೆದುಕೊಂಡು ಭಾಗಿಸಿ.

200 ವೋಲ್ಟ್, 7.6 ಆಂಪ್ ಬಂದರೆ ರೋಧ 26.3. ಹೀಟರ್ ನಿರಪರಾಧಿ. ತಪ್ಪು ಬರುವ ವೋಲ್ಟೇಜಿನದು. ವೋಲ್ಟೇಜ್ ಶೇ. 13 ಇಳಿದರೆ ಪವರ್ ಶೇ. 13 ಅಲ್ಲ, ಶೇ. 24 ಇಳಿಯುತ್ತದೆ, ಯಾಕೆಂದರೆ ವೋಲ್ಟೇಜ್ ಇಳಿದಾಗ ಕರೆಂಟೂ ಜತೆಗೇ ಇಳಿಯುತ್ತದೆ. 2,000 ವ್ಯಾಟಿನ ಹೀಟರ್ 1,500 ವ್ಯಾಟಿನದ್ದಾಗುತ್ತದೆ. ಲೈನ್ ವೋಲ್ಟೇಜೇ ಕಡಿಮೆಯೋ, ನಿಮ್ಮ ಎಕ್ಸ್‌ಟೆನ್ಶನ್ ವೈರ್ ತಿನ್ನುತ್ತಿದೆಯೋ ಅಂತ ತಿಳಿಯಲು ಹೀಟರ್ ಆನ್, ಆಫ್ ಎರಡೂ ಸ್ಥಿತಿಯಲ್ಲಿ ಸಾಕೆಟ್ಟಿನ ವೋಲ್ಟೇಜ್ ನೋಡಿ.

230 ವೋಲ್ಟ್, 4.35 ಆಂಪ್ ಬಂದರೆ ರೋಧ 53, ಸರಿಯಾಗಿ ಎರಡು ಪಟ್ಟು. ಒಳಗೆ ಎರಡು ಎಲಿಮೆಂಟ್ (ಕಾಯುವ ಸುರುಳಿ) ಪ್ಯಾರಲಲ್ ಆಗಿ, ಅಂದರೆ ಅಕ್ಕಪಕ್ಕ ಬೇರೆ ಬೇರೆ ದಾರಿಗಳಾಗಿ ಇದ್ದು, ಒಂದು ತುಂಡಾಗಿದೆ. ರೋಧ ಇರಬೇಕಾದ್ದಕ್ಕಿಂತ ಕಡಿಮೆ ಬಂದರೆ ಎಲಿಮೆಂಟಿನ ಒಂದು ಭಾಗ ಒಳಗೇ ಶಾರ್ಟ್ ಆಗಿರಬಹುದು. ಅಂಥದ್ದನ್ನು ಬಳಸಬೇಡಿ. ಶೇ. 5, ಶೇ. 10ರಷ್ಟು ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ತಯಾರಿಕೆಯಲ್ಲೇ ಅಷ್ಟು ವ್ಯತ್ಯಾಸ ಇರುತ್ತದೆ.

ಮೋಟರ್, ಎಲ್‌ಇಡಿ, ಅಡಾಪ್ಟರ್: ಇವುಗಳ ಲೆಕ್ಕವೇ ಬೇರೆ

ಎಸಿ ಮೋಟರಿನ ಸುರುಳಿ 20 ಓಮ್ ಇದೆ ಅಂದುಕೊಳ್ಳಿ. 230ನ್ನು 20ರಿಂದ ಭಾಗಿಸಿ 11.5 ಆಂಪ್ ಬರಬೇಕು ಅನ್ನುವಂತಿಲ್ಲ. ತಿರುಗುವ ಮೋಟರ್ 2 ಆಂಪ್ ಎಳೆಯುತ್ತಿದ್ದರೆ ಅದು ಸಹಜ. ಸುರುಳಿಯ ಇಂಡಕ್ಟೆನ್ಸ್ (ಬದಲಾಗುವ ಕರೆಂಟಿಗೆ ಅದು ಒಡ್ಡುವ ತಡೆ), ತಿರುಗುವಾಗ ಹುಟ್ಟುವ ಎದುರು ವೋಲ್ಟೇಜ್ ಎರಡೂ ಕರೆಂಟನ್ನು ತಡೆಯುತ್ತವೆ. ಮೋಟರ್ ಜಾಮ್ ಆಗಿ ನಿಂತರೆ ಆ ಎದುರು ವೋಲ್ಟೇಜ್ ಇಲ್ಲ, ಕರೆಂಟ್ ಏರುತ್ತದೆ, ಸುರುಳಿ ಸುಡುತ್ತದೆ. ಪವರ್ ಕೂಡ ಸುಮ್ಮನೆ ಗುಣಿಸಿದರೆ ಸಿಗುವುದಿಲ್ಲ. 230 × 2 ಅಂದರೆ 460 ವೋಲ್ಟ್‌ಆಂಪ್. ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾಗಿ ಪವರ್ ಆಗುವ ಪಾಲು) 0.6 ಇದ್ದರೆ ನಿಜವಾದ ಪವರ್ 276 ವ್ಯಾಟ್. ‘ಲೇಬಲ್ಲಿಗಿಂತ ಜಾಸ್ತಿ ಪವರ್ ತಿನ್ನುತ್ತಿದೆ’ ಎನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಇದೇ.

ಎಲ್‌ಇಡಿಗೆ ಇಂತಿಷ್ಟೇ ಎನ್ನುವ ಒಂದು ರೋಧ ಇಲ್ಲ. ಅಡಾಪ್ಟರುಗಳು ಇನ್ನೂ ವಿಚಿತ್ರ: ವೋಲ್ಟೇಜ್ ಇಳಿಸಿದರೆ ಕರೆಂಟ್ ಏರಿಸಿಕೊಂಡು ಪವರನ್ನು ಹಾಗೇ ಉಳಿಸಿಕೊಳ್ಳುತ್ತವೆ. ಇಂಥವುಗಳಿಗೆ ಪವರ್ ಲೆಕ್ಕ ಮಾಡಿ, ರೋಧದ ಲೆಕ್ಕ ಬಿಟ್ಟುಬಿಡಿ. ಡಿಮ್ಮರ್ ಹಾಕಿದ ಲೈನಿನಲ್ಲಿ ಅಳೆಯುವುದಾದರೆ ಅಲೆಯ ಆಕಾರ ಹೇಗಿದ್ದರೂ ಸರಿ ಹೇಳುವ ಟ್ರೂ ಆರ್‌ಎಂಎಸ್ ಮೀಟರೇ ಬೇಕು. ಸಾಧಾರಣ ಮೀಟರ್ ಚೊಕ್ಕ ಸೈನ್ ಅಲೆಗೆ ಮಾತ್ರ ಸರಿ ಹೇಳುತ್ತದೆ.

ಅಳೆಯಲು ಹೋಗಿ ಸರ್ಕ್ಯೂಟನ್ನೇ ಬದಲಿಸಿದಾಗ

ಸಣ್ಣ ಎಲೆಕ್ಟ್ರಾನಿಕ್ಸ್‌ನಲ್ಲಿ ಮೀಟರ್ ತಾನೇ ಒಂದು ಬಿಡಿಭಾಗವಾಗಿಬಿಡುತ್ತದೆ. ಮಿಲಿಆಂಪ್ ರೇಂಜಿನಲ್ಲಿ ಮೀಟರಿನ ಒಳಗೆ ಕೆಲವು ಓಮ್ ರೋಧ ಇರುತ್ತದೆ. 3 ವೋಲ್ಟಿನ ಸರ್ಕ್ಯೂಟಿಗೆ 5 ಓಮಿನ ಮೀಟರ್ ಸೇರಿಸಿ 100 ಮಿಲಿಆಂಪ್ ಹರಿದರೆ ಅರ್ಧ ವೋಲ್ಟ್ ಮೀಟರಿನಲ್ಲೇ ಹೋಯಿತು. ಉಪಕರಣ ರೀಸೆಟ್ ಆಗುತ್ತಲೇ ಇದ್ದರೆ ಆಶ್ಚರ್ಯವಿಲ್ಲ. ಆಂಪ್ ರೇಂಜಿಗೆ ಬದಲಾಯಿಸಿ, ಅದರ ಒಳರೋಧ ತುಂಬ ಕಡಿಮೆ. ಅಂಕಿ ಸ್ವಲ್ಪ ಒರಟಾಗುತ್ತದೆ, ಆದರೆ ನಿಜವಾಗುತ್ತದೆ. ಇಲ್ಲವೇ 1 ಓಮ್ ರೆಸಿಸ್ಟರ್ ಸೇರಿಸಿ ಅದರ ಮೇಲಿನ ಮಿಲಿವೋಲ್ಟ್ ಓದಿ. 47 ಮಿಲಿವೋಲ್ಟ್ ಅಂದರೆ 47 ಮಿಲಿಆಂಪ್.

ವೋಲ್ಟ್ ರೇಂಜಿನಲ್ಲಿ ತೊಂದರೆ ಉಲ್ಟಾ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. 1 ಮೆಗಾಓಮ್ ರೆಸಿಸ್ಟರಿನ ಮೇಲೆ ಅದನ್ನು ಇಟ್ಟರೆ ಎರಡೂ ಸೇರಿ 0.91 ಮೆಗಾಓಮ್ ಆಗುತ್ತವೆ. ಆಗ ನೀವು ಓದುತ್ತಿರುವುದು ಮೀಟರ್ ಇಲ್ಲದಾಗಿನ ವೋಲ್ಟೇಜ್ ಅಲ್ಲ.

ಕೊನೆಗೆ, ಲೆಕ್ಕಕ್ಕೆ ಸಿಗದ ದೋಷ

ಅದೇ 2,000 ವ್ಯಾಟ್ ಹೀಟರಿನ ಪ್ಲಗ್ಗಿನಲ್ಲಿ ಒಂದು ಸ್ಕ್ರೂ ಸಡಿಲವಾಗಿ 0.2 ಓಮ್ ಸೇರಿಕೊಂಡಿದೆ. ಹೀಟರಿಗೆ ಸಿಗುವ ವೋಲ್ಟೇಜ್ 230ರಿಂದ 228ಕ್ಕೆ ಇಳಿಯುತ್ತದೆ, ಅಷ್ಟೇ. ಕರೆಂಟ್, ಪವರ್, ರೋಧ ಎಲ್ಲವೂ ಲೇಬಲ್ಲಿಗೆ ಸರಿಯಾಗಿ ಹೊಂದುತ್ತವೆ. ಬಿಚ್ಚಿ ಓಮ್ ರೇಂಜಿನಲ್ಲಿ ನೋಡಿದರೂ 0.2 ಓಮ್ ಪ್ರೋಬಿನ ರೋಧದೊಳಗೆ ಮರೆಯಾಗುತ್ತದೆ. ಆದರೆ ಆ ಸ್ಕ್ರೂ ತಲೆಯ ಮೇಲೆ 8.7 × 8.7 × 0.2, ಅಂದರೆ 15 ವ್ಯಾಟ್. ಒಂದು ಸಣ್ಣ ಸೋಲ್ಡರಿಂಗ್ ಐರನ್‌ನಷ್ಟು ಶಾಖ, ಪ್ಲಗ್ಗಿನ ಒಳಗೆ.

ಇದನ್ನು ಹಿಡಿಯುವ ದಾರಿ ಲೋಡ್ ಇರುವಾಗ ಆ ಜೋಡಣೆಯ ಆಚೀಚೆ ವೋಲ್ಟೇಜ್ ಇಳಿತ ನೋಡುವುದೊಂದೇ, ಅದೂ ಲೈವ್ ಲೈನಿನ ಅನುಭವ ಇದ್ದವರು. ಉಳಿದವರು ಹೀಟರ್ ಹತ್ತು ನಿಮಿಷ ಓಡಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಳಚಿ ಅದರ ಮೈ ಮುಟ್ಟಿ ನೋಡಿ. ಪಿನ್ನುಗಳನ್ನು ಮುಟ್ಟಬೇಡಿ, ಅವು ಸುಡುವಷ್ಟು ಬಿಸಿ ಇರಬಹುದು. ಕೈ ಇಡಲಾಗದಷ್ಟು ಮೈ ಕಾದಿದ್ದರೆ, ಪಿನ್ ಪಕ್ಕ ಬಣ್ಣ ಬದಲಾಗಿದ್ದರೆ, ಪ್ಲಗ್ ಬದಲಾಯಿಸಿ. ಸಾಕೆಟ್ಟನ್ನೂ ಅದರ ಜತೆಗೇ ಬದಲಾಯಿಸಿ. ಸಡಿಲ ಸಾಕೆಟ್ ಉಳಿದರೆ ಹೊಸ ಪ್ಲಗ್ ಕೂಡ ಹೀಗೇ ಸುಡುತ್ತದೆ.